ಯಾವ ಪಾಠ ಮೊದಲು? ನರ್ಸಿಂಗ್ ವಿದ್ಯಾರ್ಥಿಗಳಿಂದ ಕಲಿತದ್ದು

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿ ಸೆಮಿಸ್ಟರ್ ಪದ್ಧತಿಗೆ ತಂದಿತು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಯಾವ ವಿಷಯ ಯಾವಾಗ ಬಂದರೆ ಒಳ್ಳೆಯದೆಂದು ಓದುವ ಮಕ್ಕಳನ್ನು ಕೇಳುವುದು ಅಪರೂಪ. ಪೋಸ್ಟಿಂಗ್ ಮುಗಿಸಿ ಬಂದವರನ್ನು ಕೇಳುತ್ತ ಬಂದ ಬೋಧಕಿಯಾಗಿ ನನಗೆ ತಿಳಿದದ್ದು ಇಷ್ಟು.

1. ಔಷಧ ಕೊಡುವ ವಿಧಾನವನ್ನು ಎರಡನೆಯ ಸೆಮಿಸ್ಟರಿನ ನರ್ಸಿಂಗ್ ಫೌಂಡೇಶನ್‌ನಲ್ಲಿ ಕಲಿಸುತ್ತೇವೆ. ಫಾರ್ಮಕಾಲಜಿ ಶುರುವಾಗುವುದು ಮೂರನೆಯದರಲ್ಲಿ. ಮಕ್ಕಳ ದೊಡ್ಡ ತಕರಾರು ಇದೇ. “ಮೇಡಂ, ಡಿಗಾಕ್ಸಿನ್ ಕೊಡೋಕೆ ಮುಂಚೆ ನಾಡಿ ಎಣಿಸಬೇಕು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ” ಎನ್ನುತ್ತಾರೆ. ದೊಡ್ಡವರಲ್ಲಿ ನಾಡಿ 60ಕ್ಕಿಂತ ಕೆಳಗಿದ್ದರೆ ಮಾತ್ರೆ ತಡೆದು ವೈದ್ಯರಿಗೆ ತಿಳಿಸಬೇಕೆಂಬುದನ್ನು ಬಾಯಿಪಾಠ ಮಾಡಬಹುದು. ಆದರೆ ಆ ಔಷಧ ಹೃದಯಬಡಿತವನ್ನು ನಿಧಾನಗೊಳಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಅದರ ವಿಷಪ್ರಭಾವ ಹೆಚ್ಚುತ್ತದೆ ಎಂದು ಅರಿತವಳು, ಅದೇ ರೋಗಿಗೆ ಪೊಟ್ಯಾಸಿಯಂ ಇಳಿಸುವ ಫ್ರುಸೆಮೈಡ್ ಕೂಡ ಹೋಗುತ್ತಿದೆಯೇ ಎಂದು ಕೇಸ್ ಶೀಟ್ ತೆರೆದು ನೋಡುತ್ತಾಳೆ, ಪೊಟ್ಯಾಸಿಯಂ ವರದಿ ಬಂತೇ ಎಂದು ವಿಚಾರಿಸುತ್ತಾಳೆ. ರೋಗಿಯ ಜೀವ ಉಳಿಸುವ ಎಚ್ಚರ ಅದು. ಹಾಗಾಗಿ ಆಯಾ ವಾರ್ಡಿನಲ್ಲಿ ದಿನವೂ ಬಳಸುವ ಕೆಲವು ಔಷಧಗಳನ್ನಾದರೂ ವಿವರಿಸದೆ ನಾನು ಮಕ್ಕಳನ್ನು ಪೋಸ್ಟಿಂಗ್‌ಗೆ ಕಳುಹಿಸುವುದಿಲ್ಲ.

2. ಪಾಠವೆಲ್ಲ ಮುಗಿದ ಮೇಲೇ ವಾರ್ಡ್ ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಊದಿದ ಕಾಲನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿ ಹಾಗೇ ಉಳಿದದ್ದನ್ನು ಕಣ್ಣಾರೆ ಕಂಡವರಿಗೆ ಹೃದಯ ವೈಫಲ್ಯದ ಪಾಠ ಬೇಗ ಹತ್ತುತ್ತದೆ. ಕಂಡು ಓದುವುದೂ ಒಂದು ಕ್ರಮವೇ.

3. ಮಕ್ಕಳ ಶುಶ್ರೂಷೆ ಐದನೆಯ ಸೆಮಿಸ್ಟರಿಗೆ ಬರುತ್ತದೆ, ಹೆರಿಗೆ ಶುಶ್ರೂಷೆ ಆರನೆಯದಕ್ಕೆ. “ಹೆರಿಗೇನೇ ನೋಡಿಲ್ಲ, ಆಗಲೇ ನವಜಾತ ಶಿಶು ಆರೈಕೆ ಓದ್ತಿದೀವಿ” ಎಂಬ ಅವರ ಮಾತಿನಲ್ಲಿ ನ್ಯಾಯವಿದೆ.

4. ಪಟ್ಟಿಯಲ್ಲಿರುವ ಕ್ರಮ ಒಂದು, ವಾರ್ಡಿನ ಸರದಿ ಇನ್ನೊಂದು. ತರಗತಿಯನ್ನು ಗುಂಪುಗಳಾಗಿ ಒಡೆದಾಗ ಒಂದು ಗುಂಪಿಗೆ ಮೊದಲು ಜನರಲ್ ವಾರ್ಡ್ ಸಿಗುತ್ತದೆ, ಇನ್ನೊಂದಕ್ಕೆ ನೇರವಾಗಿ ಐಸಿಯು. ವೆಂಟಿಲೇಟರ್ ಮುಂದೆ ಬೆದರಿ ನಿಂತ ಹುಡುಗಿಗೆ ಪಠ್ಯಕ್ರಮದ ಜಾಣ್ಮೆ ಯಾವ ನೆರವಿಗೂ ಬಾರದು. ಐಸಿಯು ಸರದಿ ಮೊದಲು ಬಂದವರಿಗೆ ಹೆಚ್ಚು ಹೊತ್ತು ಬೋಧಕರು ಜೊತೆಗಿರಬೇಕು. ಇದಕ್ಕೆ ಮೇಲಿನವರ ಆದೇಶವೇನೂ ಬೇಕಿಲ್ಲ.

5. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಸಂವಹನದ ಪಾಠವಿದೆ. ರೋಗಿ ಮಾತಾಡುವುದು ಕನ್ನಡ. ಕೇರಳದಿಂದ ಬಂದು ಇಲ್ಲಿ ಓದುವ ಮಕ್ಕಳು ಬಹಳ. “ಎಲ್ಲಿ ನೋವು, ಎಷ್ಟು ದಿನದಿಂದ, ಊಟ ಸೇರುತ್ತಾ” ಎಂದು ಕೇಳುವಷ್ಟು ಕನ್ನಡ ಮೊದಲ ಪೋಸ್ಟಿಂಗ್‌ಗೆ ಮೊದಲೇ ಬೇಕೆಂದು ಅವರೇ ಹೇಳುತ್ತಾರೆ.

ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ನದು. ಅಲ್ಲಿಯವರೆಗೆ ಕಾಯಬೇಡಿ. ಬೋಧಕ ಮಿತ್ರರೇ, ಪ್ರತಿ ಪೋಸ್ಟಿಂಗ್ ಮುಗಿದಾಗಲೂ ಮಕ್ಕಳನ್ನು ಕೂರಿಸಿ, ಯಾವುದು ಮೊದಲೇ ಗೊತ್ತಿರಬೇಕಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟು ಮುಂದಿನ ತಂಡದ ವೇಳಾಪಟ್ಟಿ ಹಾಕಿ.