ಚಾರ್ಜೇ ಇಲ್ಲವೆಂದ ಮೇಲೆ ಏಳುನೂರು ರೂಪಾಯಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ತಿಂಗಳಿಗೆ 2,000 ದಿರ್ಹಮ್ ಮನೆಗೆ ಹಾಕುತ್ತಾನೆ. ಮೊದಲು ಎಕ್ಸ್‌ಚೇಂಜಿಗೆ ಹೋಗಿ ಕ್ಯೂ ನಿಂತು ಕಳಿಸುತ್ತಿದ್ದ. ಅವರು ಇಪ್ಪತ್ತು ಚಿಲ್ಲರೆ ದಿರ್ಹಮ್ ಚಾರ್ಜು ಹಿಡಿಯುತ್ತಿದ್ದರು. ಈಗ ಮೊಬೈಲ್ ಆ್ಯಪ್‌ನಲ್ಲಿ ಕಳಿಸುತ್ತಾನೆ, ಅದರಲ್ಲಿ ಚಾರ್ಜೇ ಇಲ್ಲವಂತೆ. ಆದರೆ ಗೂಗಲ್‌ನಲ್ಲಿ ದಿರ್ಹಮ್ ರೇಟು ನೋಡಿ ಗುಣಿಸಿದರೆ ಪಾಸ್‌ಬುಕ್‌ನಲ್ಲಿ ಆರುನೂರು, ಏಳುನೂರು ರೂಪಾಯಿ ಕಡಿಮೆ ಬಿದ್ದಿರುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ ‘ನಾವೇನೂ ಹಿಡಿದಿಲ್ಲ’ ಎನ್ನುತ್ತಾರೆ. ಹಾಗಾದರೆ ಹಿಡಿದವರು ಯಾರು?
— ಕುಂದಾಪುರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ಬ್ಯಾಂಕಿನವರು ಸುಳ್ಳು ಹೇಳಿರಲಾರರು. ಆ ಹಣ ಕರಗಿದ್ದು ದುಬೈಯಲ್ಲಿ, ನಿಮ್ಮ ಮಗ ಆ್ಯಪ್‌ನಲ್ಲಿ ಒಪ್ಪಿಗೆಯ ಬಟನ್ ಒತ್ತಿದ ಗಳಿಗೆಯಲ್ಲೇ.

ಕೊಲ್ಲಿಯಿಂದ ಹಣ ಬರುವ ದಾರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಮಗ ಕೊಟ್ಟ ದಿರ್ಹಮ್ ಸಮುದ್ರ ದಾಟಿ ಬರುವುದೇ ಇಲ್ಲ. ಅಲ್ಲಿನ ಎಕ್ಸ್‌ಚೇಂಜ್ ಕಂಪನಿಗಳು ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟಿರುತ್ತವೆ. ರಿಸರ್ವ್ ಬ್ಯಾಂಕಿನ ಒಪ್ಪಿಗೆಯಿಂದ ನಡೆಯುವ ಈ ಏರ್ಪಾಟಿಗೆ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎಂದು ಹೆಸರು. ಬ್ಯಾಂಕಿನವರ ಬಾಯಲ್ಲಿ ಆರ್‌ಡಿಎ. ಅಲ್ಲಿ ದಿರ್ಹಮ್ ಕಟ್ಟಿಸಿಕೊಂಡ ಕಂಪನಿ ಇಲ್ಲಿನ ತನ್ನ ಖಾತೆಯಿಂದ ರೂಪಾಯಿ ತೆಗೆದು ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ನಿಮಗೆ ಹಾಕುತ್ತದೆ. ನಿಮ್ಮ ಶಾಖೆಯ ಪಾಲಿಗೆ ಅದು ಮುಂಬೈಯಿಂದ ಬಂದ ಯಾವುದೇ ರೂಪಾಯಿಯಂತೆಯೇ. ಪಾಸ್‌ಬುಕ್‌ನ ಸಾಲಿನಲ್ಲಿ ನೆಫ್ಟ್ ಅಥವಾ ಐಎಂಪಿಎಸ್ ಎಂದು ಬರೆದಿದ್ದರೆ ನಿಮ್ಮ ಹಣ ಬಂದದ್ದು ಬಹುಮಟ್ಟಿಗೆ ಈ ದಾರಿಯಲ್ಲೇ ಎಂದು ತಿಳಿಯಿರಿ. ಇಷ್ಟು ದಿರ್ಹಮ್‌ಗೆ ಇಷ್ಟು ರೂಪಾಯಿ ಎಂಬ ಲೆಕ್ಕ ಅಲ್ಲೇ ಮುಗಿದಿರುತ್ತದೆ. ಆ ಲೆಕ್ಕದಲ್ಲಿ ಚಾರ್ಜು ಸಣ್ಣ ಭಾಗ, ರೇಟು ದೊಡ್ಡ ಭಾಗ.

ಗೂಗಲ್ ತೋರಿಸುವ ರೇಟು ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಕೋಟಿಗಟ್ಟಲೆ ವ್ಯವಹಾರ ಮಾಡುವಾಗಿನ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನದು. ಕೌಂಟರಿನಲ್ಲಿ ನಿಂತ ಕೂಲಿಯವನಿಗೆ ಅದು ಸಿಗುವುದಿಲ್ಲ. ಹಾಗಾಗಿ ಆ ದರದಿಂದ ಕಡಿಮೆಯಾದದ್ದೆಲ್ಲ ಮೋಸ ಎನ್ನಲಾಗದು. ಅಂಗಡಿಯ ಬಾಡಿಗೆ, ಸಿಬ್ಬಂದಿಯ ಸಂಬಳ ಎಲ್ಲಿಂದಲೋ ಬರಲೇಬೇಕು. ಆದರೆ ಎಷ್ಟು ಹಿಡಿದರು ಎಂದು ಅಳೆಯಲು ನಮಗೊಂದು ಅಳತೆಗೋಲು ಬೇಕು, ಅದಕ್ಕೆ ಗೂಗಲ್‌ನ ರೇಟು ಸರಿಯಾದದ್ದೇ.

ಇಂಟರ್ನೆಟ್ ಇಲ್ಲದ ದಿನವೂ ನೀವು ಅದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಯುಎಇ ತನ್ನ ದಿರ್ಹಮನ್ನು 1997ರಿಂದ ಅಮೆರಿಕದ ಡಾಲರಿಗೆ ಕಟ್ಟಿಹಾಕಿದೆ: ಒಂದು ಡಾಲರಿಗೆ 3.6725 ದಿರ್ಹಮ್, ಇಂದಿಗೂ ಅಷ್ಟೇ. ಹಾಗಾಗಿ ದಿರ್ಹಮ್ ರೇಟು ಏರಿತು, ಇಳಿಯಿತು ಎಂದಾಗಲೆಲ್ಲ ನಿಜಕ್ಕೂ ಏರಿಳಿದದ್ದು ನಮ್ಮ ರೂಪಾಯಿ. ಪತ್ರಿಕೆಯಲ್ಲಿ ಬರುವ ಡಾಲರ್ ಬೆಲೆಯನ್ನು 3.6725ರಿಂದ ಭಾಗಿಸಿ, ಆ ದಿನದ ದಿರ್ಹಮ್ ಬೆಲೆ ಸಿಗುತ್ತದೆ. ಸೌದಿ ರಿಯಾಲ್ ಆದರೆ 3.75ರಿಂದ, ಕತಾರ್ ರಿಯಾಲ್ ಆದರೆ 3.64ರಿಂದ ಭಾಗಿಸಿ. ಕುವೈತಿನ ದಿನಾರಿಗೆ ಈ ಲೆಕ್ಕ ಕೂಡುವುದಿಲ್ಲ, ಅದನ್ನು ಹಲವು ದೇಶಗಳ ಹಣದ ಗುಂಪಿಗೆ ಕಟ್ಟಿದ್ದಾರೆ.

ಲೆಕ್ಕಕ್ಕೆಂದು ಡಾಲರ್ 85 ರೂಪಾಯಿ ಎಂದಿಟ್ಟುಕೊಳ್ಳೋಣ. ದಿರ್ಹಮ್ 23 ರೂಪಾಯಿ 14 ಪೈಸೆ ಚಿಲ್ಲರೆ ಆಗುತ್ತದೆ. ಅಂದರೆ 2,000 ದಿರ್ಹಮ್‌ಗೆ 46,290 ರೂಪಾಯಿ. ಎಕ್ಸ್‌ಚೇಂಜಿನವರು 23.08ರ ರೇಟು ಕೊಟ್ಟು 20 ದಿರ್ಹಮ್ ಚಾರ್ಜು, ಅದರ ಮೇಲೆ 5 ಶೇಕಡಾ ವ್ಯಾಟ್ ಎಂದು ಇನ್ನೊಂದು ದಿರ್ಹಮ್ ಹಿಡಿದರು ಎನ್ನಿ. ಉಳಿದ 1,979 ದಿರ್ಹಮ್‌ಗೆ 45,675 ರೂಪಾಯಿ ನಿಮಗೆ ಬೀಳುತ್ತದೆ. ಚಾರ್ಜಿಲ್ಲದ ಆ್ಯಪ್ 22.80ರ ರೇಟು ಕೊಟ್ಟರೆ ಪೂರ್ತಿ 2,000 ದಿರ್ಹಮ್‌ಗೆ ಬೀಳುವುದು 45,600. ಎಪ್ಪತ್ತೈದು ರೂಪಾಯಿ ಕಡಿಮೆ, ಅದೂ ಚಾರ್ಜಿಲ್ಲದೆ! ಗೂಗಲ್ ಲೆಕ್ಕಕ್ಕೆ ಹೋಲಿಸಿದರೆ 690 ಕಡಿಮೆ. ನೀವು ಬರೆದ ಏಳುನೂರು ಬಹುಮಟ್ಟಿಗೆ ಹೀಗೇ ಹೋಗಿರಬೇಕು. ಕೆಲವು ಆಭರಣದಂಗಡಿಗಳು ಮಜೂರಿ ಇಲ್ಲವೆಂದು ಬೋರ್ಡು ಹಾಕಿ ವೇಸ್ಟೇಜಿನಲ್ಲಿ ಅದನ್ನೇ ಎತ್ತಿಕೊಳ್ಳುತ್ತವಲ್ಲ, ಇಲ್ಲೂ ನಡೆಯುವುದು ಅದೇ.

ಹಾಗೆಂದು ಮಗನಿಗೆ ಫೋನು ಮಾಡಿ ಆ್ಯಪ್ ಅಳಿಸಿಬಿಡು ಎನ್ನಬೇಡಿ. ಇದೇ ರೇಟುಗಳಲ್ಲಿ 500 ದಿರ್ಹಮ್ ಮಾತ್ರ ಕಳಿಸಿ ನೋಡಿ. ಎಕ್ಸ್‌ಚೇಂಜಿನಲ್ಲಿ 21 ಕಳೆದು 479 ದಿರ್ಹಮ್‌ಗೆ 11,055 ರೂಪಾಯಿ, ಆ್ಯಪ್‌ನಲ್ಲಿ 11,400. ಇಲ್ಲಿ ಆ್ಯಪ್ ಗೆದ್ದಿತು, ಅದೂ ಮುನ್ನೂರೈವತ್ತು ರೂಪಾಯಿಯ ಹತ್ತಿರ. 4,000 ದಿರ್ಹಮ್ ಆದರೆ ಎಕ್ಸ್‌ಚೇಂಜಿನಲ್ಲಿ 91,835, ಆ್ಯಪ್‌ನಲ್ಲಿ 91,200. ಈಗ ಎಕ್ಸ್‌ಚೇಂಜ್ ಗೆದ್ದಿತು. ಕಾರಣ ಸರಳ. ಚಾರ್ಜು ಎಷ್ಟು ಕಳಿಸಿದರೂ ಒಂದೇ, ಸಣ್ಣ ಮೊತ್ತಕ್ಕೆ ಅದು ಭಾರ. ರೇಟಿನ ಕಡಿತ ಮೊತ್ತದ ಜೊತೆಗೆ ಬೆಳೆಯುತ್ತದೆ, ದೊಡ್ಡ ಮೊತ್ತಕ್ಕೆ ಅದು ಭಾರ. ನನ್ನ ಲೆಕ್ಕದ ರೇಟುಗಳಲ್ಲಿ ಇವೆರಡೂ ಸಮವಾಗುವುದು 1,730 ದಿರ್ಹಮ್‌ನ ಆಸುಪಾಸಿನಲ್ಲಿ. ನಿಮ್ಮ ಮಗನ 2,000 ಆ ಗಡಿಯಿಂದ ತುಸುವೇ ಆಚೆಗಿದೆ. ವಾರಕ್ಕೊಮ್ಮೆ ಐನೂರು ಐನೂರು ಕಳಿಸುವವರು ಚಾರ್ಜಿರುವ ಕಡೆ ನಾಲ್ಕು ಸಲ ಚಾರ್ಜು ಕಟ್ಟುತ್ತಾರೆ. ಅವರಿಗೆ ಒಟ್ಟಿಗೆ ಕಳಿಸುವುದರಲ್ಲೇ ಉಳಿತಾಯ.

ಇಷ್ಟನ್ನು ಒಪ್ಪಿದ ಮೇಲೂ ನನ್ನದೊಂದು ತಕರಾರಿದೆ. ಇಪ್ಪತ್ತು ದಿರ್ಹಮ್ ಎಂದು ಬೋರ್ಡಿನಲ್ಲಿ ಬರೆದು ರಸೀದಿಯಲ್ಲಿ ತೋರಿಸಿ ಹಿಡಿಯುವವರ ಮೇಲೆ ನನಗೆ ದೂರಿಲ್ಲ. ಅದಕ್ಕಿಂತ ಹೆಚ್ಚನ್ನು ರೇಟಿನೊಳಗೆ ಸೇರಿಸಿ, ಮೇಲೆ ‘ಶೂನ್ಯ ಶುಲ್ಕ’ ಎಂದು ದೊಡ್ಡಕ್ಷರದಲ್ಲಿ ಬರೆಯುವುದನ್ನು ಮಾತ್ರ ಒಪ್ಪಲಾರೆ. ಬಿಸಿಲಲ್ಲಿ ಕಟ್ಟಡದ ಕೆಲಸ ಮಾಡಿ, ಲೇಬರ್ ಕ್ಯಾಂಪಿನ ಬಂಕ್ ಮಂಚದಲ್ಲಿ ಮಲಗಿ, ಉಳಿದ ಸಾವಿರ ದಿರ್ಹಮನ್ನು ಮನೆಗೆ ಹಾಕುವವನಿಗೆ ತಾನು ಕೊಡುವ ಬೆಲೆ ಎಷ್ಟೆಂದು ತಿಳಿಯುವ ಹಕ್ಕಿದೆ. ಒಟ್ಟು ಮೊತ್ತವೂ ಸಣ್ಣದೇನಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2023–24ರಲ್ಲಿ ಹೊರನಾಡುಗಳಿಂದ ಭಾರತಕ್ಕೆ ಬಂದ ಹಣ ಸುಮಾರು 11,870 ಕೋಟಿ ಡಾಲರ್. ಅದರಲ್ಲಿ ಐದನೇ ಒಂದು ಪಾಲಿನಷ್ಟು ಬಂದದ್ದು ಯುಎಇ ಒಂದರಿಂದಲೇ. ಕರ್ನಾಟಕಕ್ಕೆ ಸಿಕ್ಕಿದ್ದು ಒಟ್ಟು ಮೊತ್ತದ 7.7 ಶೇಕಡಾ. ಭಾರತಕ್ಕೆ ಬಂದ ಇಡೀ ಮೊತ್ತದಲ್ಲಿ ಶೇಕಡಾ ಒಂದು ದಾರಿಯಲ್ಲಿ ಸೋರಿದರೂ ಹತ್ತು ಸಾವಿರ ಕೋಟಿ ರೂಪಾಯಿ ಆಗುತ್ತದೆ. 2030ರೊಳಗೆ ಹಣ ಕಳಿಸುವ ವೆಚ್ಚ 3 ಶೇಕಡಾಕ್ಕಿಂತ ಕೆಳಗಿಳಿಯಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟಿದೆ. ಕೊಲ್ಲಿಯಿಂದ ಭಾರತಕ್ಕೆ ಕಳಿಸುವವರಲ್ಲಿ ಅನೇಕರು ಈಗಲೇ ಅದಕ್ಕಿಂತ ಕಡಿಮೆ ಕೊಡುತ್ತಾರೆ, ನನ್ನ ಲೆಕ್ಕದಲ್ಲೂ ಅದು ಒಂದೂವರೆ ಶೇಕಡಾದ ಒಳಗಿದೆ. ಬೆಲೆ ಇಳಿದಿದೆ ನಿಜ, ಆದರೆ ಬೆಲೆ ಕಾಣುವಂತಾಗಿಲ್ಲ.

ಅಮೆರಿಕದಲ್ಲಿ ಈ ವಿಷಯಕ್ಕೆ ಕಾನೂನೇ ಇದೆ. 2013ರ ಅಕ್ಟೋಬರ್‌ನಿಂದ ಅಲ್ಲಿನ ಕಂಪನಿಗಳು ಹಣ ಕಟ್ಟಿಸಿಕೊಳ್ಳುವ ಮೊದಲೇ ಚಾರ್ಜೆಷ್ಟು, ರೇಟೆಷ್ಟು, ಊರಿನಲ್ಲಿ ಕೈಗೆ ಬರುವುದೆಷ್ಟು ಎಂದು ಬರೆದು ತೋರಿಸಬೇಕು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೇಡವೆಂದರೆ ಹಣ ವಾಪಸು ಕೊಡಬೇಕು. ಆದರೆ ಆ ಕಾನೂನು ಕೂಡ ಮಾರುಕಟ್ಟೆಯ ರೇಟಿಗಿಂತ ಎಷ್ಟು ಕೆಳಗೆ ಕೊಟ್ಟಿದ್ದೇವೆ ಎಂದು ಹೇಳಿಸುವುದಿಲ್ಲ. ಅಲ್ಲಿರುವ ಬಂಧುಗಳಿಗೆ ಇನ್ನೊಂದು ಮಾತು ತಿಳಿಸಿ: 2026ರ ಜನವರಿಯಿಂದ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸುವ ಹಣದ ಮೇಲೆ ಅಲ್ಲಿ ಶೇಕಡಾ ಒಂದು ತೆರಿಗೆ ಬಂದಿದೆ. ಬ್ಯಾಂಕ್ ಖಾತೆಯಿಂದಲೋ ಅಮೆರಿಕದ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದಲೋ ಕಳಿಸಿದರೆ ಅದು ತಗಲುವುದಿಲ್ಲ. ಸಿಂಗಪುರದಲ್ಲಿರುವವರಿಗೆ ಅನುಕೂಲ ಬೇರೆ. 2023ರ ಫೆಬ್ರವರಿಯಿಂದ ಅಲ್ಲಿನ ಪಾವತಿ ವ್ಯವಸ್ಥೆಯಾದ ಪೇನೌಗೂ ನಮ್ಮ ಯುಪಿಐಗೂ ನೇರ ಕೊಂಡಿ ಇದೆ.

ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ಹಾಕಿದರೆ ಕಡಿತವೇ ಇಲ್ಲ ಎಂದು ನಂಬಿದವರು ಬಹಳ. ಕಾಣದ ಕಡಿತ ಹೆಚ್ಚಾಗಿ ಆಗುವುದು ಅಲ್ಲೇ. ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದಲ್ಲಿ ಡಾಲರೋ ದಿರ್ಹಮ್ಮೋ ಆಗಿಯೇ ಬರುವ ಹಣ ನಡುವೆ ಒಂದೋ ಎರಡೋ ಬೇರೆ ಬ್ಯಾಂಕುಗಳನ್ನು ಹಾದು ಬರಬಹುದು. ಹಾದುಹೋದ ಕಡೆಯಲ್ಲೆಲ್ಲ ಒಂದಷ್ಟು ಮುರಿದುಕೊಳ್ಳುವ ಸಾಧ್ಯತೆ ಇದೆ. ಕಳಿಸುವ ಅರ್ಜಿಯಲ್ಲಿ ಮೂರು ಆಯ್ಕೆಗಳಿರುತ್ತವೆ. ಒಯುಆರ್ ಎಂದರೆ ಎಲ್ಲ ಖರ್ಚು ಕಳಿಸುವವರದು, ಬಿಇಎನ್ ಎಂದರೆ ಪಡೆಯುವವರದು, ಎಸ್‌ಎಚ್‌ಎ ಎಂದರೆ ಇಬ್ಬರಿಗೂ ಪಾಲು. ಅನೇಕರು ಈ ಚೌಕವನ್ನು ಓದುವುದೇ ಇಲ್ಲ. ಹಣ ಇಲ್ಲಿ ಬಂದ ಮೇಲೆ ನಮ್ಮ ಬ್ಯಾಂಕು ತನ್ನದೇ ಟಿಟಿ ಬೈಯಿಂಗ್ ರೇಟಿನಲ್ಲಿ, ಅಂದರೆ ವಿದೇಶಿ ಹಣ ಕೊಳ್ಳುವ ದರದಲ್ಲಿ, ಅದನ್ನು ರೂಪಾಯಿ ಮಾಡುತ್ತದೆ, ಅದರಲ್ಲೂ ಬ್ಯಾಂಕಿನ ಲಾಭವಿರುತ್ತದೆ. ಮೇಲಿಂದ ಜಿಎಸ್‌ಟಿ. ಅದನ್ನು ಪೂರ್ತಿ ಮೊತ್ತದ ಮೇಲೆ ಹಾಕುವುದಿಲ್ಲ. ಒಂದು ಲಕ್ಷದವರೆಗೆ ಮೊತ್ತದ ಶೇಕಡಾ ಒಂದನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ 18 ಶೇಕಡಾ. ಐವತ್ತು ಸಾವಿರಕ್ಕೆ 90 ರೂಪಾಯಿ, ಲಕ್ಷಕ್ಕೆ 180. ಎಷ್ಟೇ ಸಣ್ಣ ಮೊತ್ತವಾದರೂ 45ಕ್ಕೆ ಕಡಿಮೆಯಿಲ್ಲ. ಆರ್‌ಡಿಎ ದಾರಿಯಲ್ಲಿ ಬಂದ ನಿಮ್ಮ ಹಣ ಮೊದಲೇ ರೂಪಾಯಿಯಾದ್ದರಿಂದ ಈ ತೆರಿಗೆ ನಿಮಗಿಲ್ಲ.

ಮಗನಿಗೆ ಹೇಳಬೇಕಾದ ಸಣ್ಣ ಸಂಗತಿಗಳೂ ಇವೆ. ಆ್ಯಪ್‌ಗಳು ಮೊದಲ ಸಲಕ್ಕೆ ಒಳ್ಳೆಯ ರೇಟು ಕೊಟ್ಟು ಎರಡನೆಯ ಸಲದಿಂದ ಇಳಿಸುವುದುಂಟು. ಶನಿವಾರ, ಭಾನುವಾರ ವಿದೇಶಿ ಹಣದ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ರೇಟು ಹೇಗೆ ತೆರೆಯುವುದೋ ಎಂಬ ಅಂಜಿಕೆಗೆ ಕೆಲವರು ತಮ್ಮ ಅಂಚನ್ನು ಇನ್ನಷ್ಟು ಅಗಲ ಮಾಡುತ್ತಾರೆ. ರಜೆಯ ದಿನವೇ ಕಳಿಸುವ ರೂಢಿಯಿದ್ದರೆ ಒಮ್ಮೆ ವಾರದ ನಡುವೆ ಕಳಿಸಿ ಹೋಲಿಸಲಿ. ಕ್ರೆಡಿಟ್ ಕಾರ್ಡಿನಿಂದ ಕಳಿಸಿದರೆ ಕಾರ್ಡಿನ ಬ್ಯಾಂಕು ಅದನ್ನು ನಗದು ಸಾಲವೆಂದು ಬರೆದುಕೊಂಡು ಅಂದಿನಿಂದಲೇ ಬಡ್ಡಿ ಹಾಕಬಹುದು. ರೇಟು ಇನ್ನೂ ಏರಲಿ ಎಂದು ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ. ಊರಿನ ಸೊಸೈಟಿಯಲ್ಲಿ ಸಾಲದ ಬಡ್ಡಿ ಓಡುತ್ತಿರುವಾಗ ಹತ್ತು ಪೈಸೆಗಾಗಿ ಕಾಯುವುದರಲ್ಲಿ ಲಾಭವಿಲ್ಲ.

ಇನ್ನು ‘ಗೂಗಲ್‌ಗಿಂತಲೂ ಹೆಚ್ಚು ರೇಟು ಕೊಡುತ್ತೇನೆ’ ಎಂದು ರೂಮಿನ ಪರಿಚಯದವರ ಮೂಲಕ ಬರುವ ಹುಂಡಿ, ಹವಾಲಾ. ಅದು ವಿದೇಶಿ ವಿನಿಮಯ ಕುರಿತ ನಮ್ಮ ಫೆಮಾ ಕಾಯ್ದೆಗೆ ವಿರುದ್ಧ. ಕಾಯ್ದೆಯ ಮಾತು ಹಾಗಿರಲಿ, ನನಗೆ ಹೆಚ್ಚು ಭಯ ನಿಮ್ಮ ಖಾತೆಯದು. ಆ ಏಜೆಂಟರು ಗುರುತಿಲ್ಲದ ಯಾರದೋ ಖಾತೆಯಿಂದ ನಿಮಗೆ ರೂಪಾಯಿ ಹಾಕಿಸುತ್ತಾರೆ. ಆ ಹಣ ಎಲ್ಲೋ ನಡೆದ ಸೈಬರ್ ವಂಚನೆಯದಾಗಿದ್ದರೆ ಪೊಲೀಸರು ಅದರ ಜಾಡು ಹಿಡಿದು ಬಂದು ನಿಮ್ಮ ಖಾತೆಯನ್ನೂ ತಡೆಹಿಡಿಯುತ್ತಾರೆ. ಪಿಂಚಣಿಯೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಮಗ ಕಳಿಸಿದ ಹಣದ ಸಾಲಿನಲ್ಲಿ ಕಂಪನಿ ಅಥವಾ ಬ್ಯಾಂಕಿನ ಹೆಸರಿನ ಬದಲು ಅಪರಿಚಿತ ವ್ಯಕ್ತಿಯ ಹೆಸರು ಕಂಡರೆ ಅಂದೇ ಮಗನನ್ನು ವಿಚಾರಿಸಿ.

ಮುಂದಿನ ತಿಂಗಳು ಮಗ ಕಳಿಸುವ ಮೊದಲು ಚಾರ್ಜೆಷ್ಟು ಎಂದು ಕೇಳುವುದನ್ನು ಬಿಟ್ಟು ಒಂದೇ ಪ್ರಶ್ನೆ ಕೇಳಲಿ: ‘ನನ್ನ ಕೈಯಿಂದ ಒಟ್ಟು 2,000 ದಿರ್ಹಮ್ ಹೋದರೆ ಊರಿನ ಖಾತೆಗೆ ಬೀಳುವ ರೂಪಾಯಿ ಎಷ್ಟು?’ ರೂಮಿನಲ್ಲಿ ನಾಲ್ವರಿದ್ದರೆ ನಾಲ್ವರ ಆ್ಯಪ್‌ಗಳಲ್ಲೂ, ಹತ್ತಿರದ ಎಕ್ಸ್‌ಚೇಂಜಿನಲ್ಲೂ ಒಂದೇ ಹೊತ್ತಿಗೆ ಈ ಸಂಖ್ಯೆ ನೋಡಲಿ. ಎಲ್ಲಿ ಹೆಚ್ಚು ರೂಪಾಯಿಯೋ ಅಲ್ಲಿ ಕಳಿಸಲಿ. ರೇಟು ದಿನದೊಳಗೇ ಬದಲಾಗುವುದರಿಂದ ನಿನ್ನೆಯ ಹೋಲಿಕೆ ಇಂದಿಗೆ ನಡೆಯದು. ರಸೀದಿಯ ಫೋಟೊ ನಿಮಗೆ ಕಳಿಸಲಿ. ಇಲ್ಲಿ ಬಿದ್ದ ರೂಪಾಯಿಯನ್ನು ಅಲ್ಲಿ ಕೊಟ್ಟ ಒಟ್ಟು ದಿರ್ಹಮ್‌ನಿಂದ ಭಾಗಿಸಿ ಪಾಸ್‌ಬುಕ್‌ನ ಅಂಚಿನಲ್ಲಿ ಬರೆದಿಡಿ. ನಿಮಗೆ ಸಿಕ್ಕ ನಿಜವಾದ ರೇಟು ಅದೇ.

ರಸೀದಿಯಲ್ಲಿ ಬರೆದಷ್ಟು ರೂಪಾಯಿ ಬರದಿದ್ದರೆ ಮಾತ್ರ ಅದು ಬೇರೆಯೇ ವಿಷಯ. ಮಗ ಮೊದಲು ಕಳಿಸಿದ ಕಂಪನಿಗೆ ಲಿಖಿತವಾಗಿ ದೂರು ಕೊಡಲಿ. ಕಡಿತ ಇಲ್ಲಿನ ಬ್ಯಾಂಕಿನಲ್ಲೇ ಆಗಿದೆ ಎಂದು ತಿಳಿದರೆ ನೀವು ಶಾಖೆಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ಹೇಗೆಂದು 14448ಕ್ಕೆ ಕರೆ ಮಾಡಿ ಕೇಳಿ. ರಸೀದಿಯ ಫೋಟೊ, ಪಾಸ್‌ಬುಕ್‌ನ ಆ ಪುಟ ಎರಡನ್ನೂ ಕೈಯಲ್ಲಿ ಇಟ್ಟುಕೊಂಡಿರಿ.