ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಕ್ರಮ: ಗಡಸು ನೀರಿಗೆ ಒಪ್ಪುವ ವಸ್ತುಗಳು

ಬೇವಿನ ಎಣ್ಣೆಯು ಅನೇಕ ಕೀಟಗಳ ನಿವಾರಣೆಗೆ ಉಪಯುಕ್ತವೆಂಬುದು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ತಿಳಿದ ವಿಷಯವೇ ಸರಿ. ಆದರೆ ಅದೇ ಎಣ್ಣೆಯು ಒಂದು ಹೊಲದಲ್ಲಿ ಗುಣವನ್ನು ತೋರಿಸಿ, ನೆರೆಯ ಹೊಲದಲ್ಲಿ ಎಲೆಗಳನ್ನು ಸುಟ್ಟು ಹುಳುಗಳನ್ನು ಹಾಗೆಯೇ ಉಳಿಸುವುದುಂಟು. ಆಗ ಜನರು ಎಣ್ಣೆಯನ್ನು ದೂಷಿಸುವರು. ಅನೇಕ ವೇಳೆ ದೋಷವಿರುವುದು ಎಣ್ಣೆಯಲ್ಲಲ್ಲ. ಅದನ್ನು ನೀರಿನಲ್ಲಿ ಹಿಡಿದಿಡಬೇಕಾದ ವಸ್ತುವಿನಲ್ಲಿ.

ಎಣ್ಣೆಯೂ ನೀರೂ ತಾವಾಗಿ ಕೂಡುವುದಿಲ್ಲ. ಸಾಬೂನಿನ ಅಣುವಿನ ಒಂದು ತುದಿಯು ಎಣ್ಣೆಗೂ ಮತ್ತೊಂದು ತುದಿಯು ನೀರಿಗೂ ಒಲಿಯುವುದರಿಂದ, ಅದು ಎಣ್ಣೆಯ ಸೂಕ್ಷ್ಮ ಹನಿಗಳನ್ನು ಸುತ್ತುವರಿದು ಹಾಲಿನಂತಹ ದ್ರವವನ್ನುಂಟುಮಾಡುವುದು. ಇದಕ್ಕೆ ಎಮಲ್ಷನ್ ಎಂದು ಹೆಸರು. ಆದರೆ ಸಾಬೂನಿನ ನೀರಿಗೊಲಿಯುವ ತುದಿಯಲ್ಲಿ ವಿದ್ಯುದಂಶವಿದೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳು ಅದರೊಡನೆ ಕೂಡಿ, ನೀರಿನಲ್ಲಿ ಕರಗದ ಕಲ್ಮಷವಾಗುವುವು. ಸಾಬೂನು ಹೀಗೆ ವ್ಯಯವಾದೊಡನೆ ಎಣ್ಣೆಯು ಮೇಲಕ್ಕೆ ತೇಲುವುದು. ಸಿಂಪರಣೆಯ ಪಂಪಿನ ತಳದಿಂದ ಮೊದಲು ಬರಿಯ ನೀರು ಹೊರಟು, ಕಡೆಯ ಸಾಲುಗಳ ಮೇಲೆ ಗಟ್ಟಿ ಎಣ್ಣೆ ಬೀಳುವುದು. ಒಂದೆಡೆ ಹುಳು ಸಾಯದೆ, ಮತ್ತೊಂದೆಡೆ ಎಲೆ ಸುಡುವುದಕ್ಕೆ ಇದೇ ಕಾರಣ.

ಈ ದೋಷಕ್ಕೆ ಒಳಗಾಗದ ವಸ್ತುಗಳೂ ಉಂಟು. ಅವುಗಳಲ್ಲಿ ವಿದ್ಯುದಂಶವಿಲ್ಲದ್ದರಿಂದ ಅವಕ್ಕೆ ನಾನ್‌ಅಯಾನಿಕ್ ವಸ್ತುಗಳೆನ್ನುವರು. 1930ರಲ್ಲಿ ಜರ್ಮನಿಯ ಷೋಲರ್ ಮತ್ತು ವಿಟ್‌ವರ್ ಎಂಬ ರಸಾಯನಶಾಸ್ತ್ರಜ್ಞರು ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಇವುಗಳನ್ನು ತಯಾರಿಸುವ ಕ್ರಮವನ್ನು ಕಂಡುಹಿಡಿದರು. ನಮ್ಮ ಹರಳೆಣ್ಣೆಯೂ ಇದಕ್ಕೆ ಒಳ್ಳೆಯ ಮೂಲದ್ರವ್ಯವಾಗಿದೆ. ಸ್ವಲ್ಪ ಕ್ಷಾರವನ್ನು ಸೇರಿಸಿ, ಒತ್ತಡದ ಪಾತ್ರೆಯಲ್ಲಿ ಕಾಯಿಸಿ, ಈ ಅನಿಲವನ್ನು ಹಾಯಿಸಿದರೆ, ಅನಿಲದ ಅಣುಗಳು ಒಂದಕ್ಕೊಂದು ಸರಪಣಿಯಂತೆ ಹೆಣೆದುಕೊಂಡು ನೀರಿಗೊಲಿಯುವ ಬಾಲವಾಗುವುವು. ಈ ಅನಿಲವು ವಿಷಕರವೂ ಸ್ಫೋಟಕವೂ ಆದುದರಿಂದ ಇದು ಕಾರ್ಖಾನೆಯಲ್ಲಿಯೇ ನಡೆಯತಕ್ಕ ಕೆಲಸ.

ಸರಪಣಿಯು ಉದ್ದವಾದಷ್ಟೂ ವಸ್ತುವು ನೀರಿಗೆ ಹೆಚ್ಚು ಒಲಿಯುವುದು. ಇದನ್ನಳೆಯಲು ಅಮೆರಿಕದ ಗ್ರಿಫಿನ್ ಎಂಬವರು 1949ರಲ್ಲಿ ಒಂದು ಮಾಪನವನ್ನು ಪ್ರಕಟಿಸಿದರು. ಇಂತಹ ವಸ್ತುಗಳಿಗೆ ಅದರ ಮಿತಿಯು 20 ಅಂಕಗಳು. ಸುಮಾರು 3ರಿಂದ 6 ಅಂಕದವು ಎಣ್ಣೆಯಲ್ಲಿ ನೀರನ್ನೂ, 8ರಿಂದ 18 ಅಂಕದವು ನೀರಿನಲ್ಲಿ ಎಣ್ಣೆಯನ್ನೂ ಹಿಡಿದಿಡುವುವು. ಸಿಂಪರಣೆಗೆ ಬೇಕಾದುದು ಎರಡನೆಯ ಬಗೆ.

ಇವುಗಳಿಗೂ ಒಂದು ಮಿತಿಯುಂಟು. ನೀರು ಕಾದಂತೆಲ್ಲ ಸರಪಣಿಯ ಮೇಲೆ ಅದರ ಹಿಡಿತ ಸಡಿಲವಾಗಿ, ಒಂದು ಉಷ್ಣಾಂಶವನ್ನು ದಾಟಿದೊಡನೆ ದ್ರಾವಣವು ಮಬ್ಬಾಗುವುದು. ಆದುದರಿಂದ ಬೆರೆಸಿದ ಔಷಧಿಯನ್ನು ಬಿಸಿಲಿನಲ್ಲಿ ಇಡದೆ ಕೂಡಲೆ ಉಪಯೋಗಿಸತಕ್ಕದ್ದು.

ಹೊಲಕ್ಕೆ ಹೋಗುವ ಮುನ್ನ ಪ್ರತಿಯೊಬ್ಬರೂ ಈ ಪರೀಕ್ಷೆಯನ್ನು ಮಾಡಿ ನೋಡತಕ್ಕದ್ದು. 5 ಮಿಲಿ ಲೀಟರು ಬೇವಿನ ಎಣ್ಣೆಗೆ 1 ಮಿಲಿ ಲೀಟರು ಬೆರಕೆಯ ವಸ್ತುವನ್ನು ಕಲಸಿ, ತಮ್ಮ ಬಾವಿಯ ನೀರನ್ನೇ ಸ್ವಲ್ಪಸ್ವಲ್ಪವಾಗಿ ಹುಯ್ಯುತ್ತಾ ಕಲಕಿ, 1 ಲೀಟರು ಮಾಡಿ, ಗಾಜಿನ ಸೀಸೆಯಲ್ಲಿ ಒಂದು ಗಂಟೆಯ ಕಾಲ ಇಡಬೇಕು. ಎಣ್ಣೆಯು ಬೇರೆಯಾಗಿ ತೇಲಿದರೆ ಅದನ್ನು ಸಿಂಪಡಿಸಲಾಗದು. ತೆಳುವಾದ ಕೆನೆ ಮಾತ್ರ ಕಟ್ಟಿ, ಅಲುಗಿಸಿದೊಡನೆ ಕೂಡಿಕೊಂಡರೆ ಭಯವಿಲ್ಲ. ಎಣ್ಣೆಗೆ ಮೊದಲೇ ಬೆರಕೆಯ ವಸ್ತುವನ್ನು ಸೇರಿಸಿ ಮಾರುವ ಸರಕಾದರೆ, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ನೋಡಬಹುದು.

ಕೊಳ್ಳುವಾಗ ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ನೋನಿಲ್‌ಫಿನಾಲಿನಿಂದ ತಯಾರಾದ ವಸ್ತುಗಳು ನೀರಿನಲ್ಲಿ ಶಿಥಿಲವಾದಾಗ ಮೀನುಗಳಿಗೆ ಹಾನಿಕರವಾದ ಅಂಶವು ಉಳಿಯುವುದು. ಯೂರೋಪು ಒಕ್ಕೂಟವು 2003ರಲ್ಲಿಯೇ ಅವುಗಳ ಬಳಕೆಯನ್ನು ನಿರ್ಬಂಧಿಸಿತು. ಕೆರೆಯ ಅಂಚಿನ ಹೊಲಗಳಿಗೆ ಹರಳೆಣ್ಣೆಯಿಂದಾದವುಗಳನ್ನು ಆರಿಸಿಕೊಳ್ಳುವುದು ಲೇಸು.

ಊರಿನಲ್ಲಿ ಒಬ್ಬರು ಈ ಪರೀಕ್ಷೆಯನ್ನು ಹತ್ತು ಜನರೆದುರಿಗೆ ಮಾಡಿ ತೋರಿಸಿದರೆ ಎಷ್ಟೋ ಎಣ್ಣೆಯೂ ಬೆಳೆಯೂ ಉಳಿಯುವುವು. ಒಂದು ಸೀಸೆಯೂ ಒಂದು ಗಂಟೆಯೂ ಇದಕ್ಕೆ ಸಾಕು.