ಉಪವರ್ಗಗಳನ್ನೂ ಒಳಗೊಂಡ ಶೋಧನೆ: ಒಂದು ಪಾಠ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ
ಪೂರ್ವಜ್ಞಾನ: ಸೆಲೆಕ್ಟ್, ವೇರ್ ಆದೇಶಗಳು
ಉದ್ದೇಶ: ಒಂದು ವರ್ಗವನ್ನು ಕೇಳಿದಾಗ ಅದರ ಉಪವರ್ಗಗಳೂ ದೊರೆಯುವಂತೆ ಷರತ್ತು ಬರೆಯುವುದು.

ವಿಷಯ ನಿರೂಪಣೆ: 1876ರಲ್ಲಿ ಪ್ರಕಟವಾದ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ವಿಜ್ಞಾನಕ್ಕೆ 500, ಅದರೊಳಗೆ ಪ್ರಾಣಿಗಳಿಗೆ 590, ಅದರೊಳಗೆ ಪಕ್ಷಿಗಳಿಗೆ 598. ಹೀಗೆ ಅಂಕಿಗಳೇ ಶ್ರೇಣಿಯನ್ನು ಹೇಳುತ್ತವೆ.

ಚಟುವಟಿಕೆ: ಕಪ್ಪುಹಲಗೆಯ ಮೇಲೆ ಆರು ಪುಸ್ತಕಗಳ ಕೋಷ್ಟಕ ಬರೆಯಿರಿ: 070 ಪತ್ರಿಕೋದ್ಯಮ, 520 ಖಗೋಳ ವಿಜ್ಞಾನ, 590 ಪ್ರಾಣಿಗಳು, 598 ಪಕ್ಷಿಗಳು, 599 ಸಸ್ತನಿಗಳು, 780 ಸಂಗೀತ. ಪ್ರಾಣಿಗಳ ಕುರಿತ ಪುಸ್ತಕಗಳನ್ನು ವಿದ್ಯಾರ್ಥಿಗಳು ಮೊದಲು ಕೈಯಿಂದಲೇ ಎಣಿಸಲಿ: ಮೂರು. ಆಮೇಲೆ

ವೇರ್ ವರ್ಗ = '590'

ಎಂದು ಶೋಧಿಸಿದರೆ ಒಂದೇ ಸಿಗುತ್ತದೆ. ಗಣಕ ದೋಷಸೂಚನೆ ನೀಡುವುದಿಲ್ಲ. ಉತ್ತರ ಅಪೂರ್ಣವೆಂಬುದು ಮೊದಲೇ ಎಣಿಸಿದವರಿಗಷ್ಟೇ ತಿಳಿಯುತ್ತದೆ. ಆದ್ದರಿಂದ ಎಣಿಕೆಯ ಹಂತವನ್ನು ಬಿಡಬಾರದು.

ವೇರ್ ವರ್ಗ ಲೈಕ್ '59%'

ಎಂದಾಗ ಮೂರೂ ಬರುತ್ತವೆ. '5%' ಎಂದರೆ ಖಗೋಳ ವಿಜ್ಞಾನವೂ ಸೇರಿ ನಾಲ್ಕು.

ಗಮನಿಸಿ: ವರ್ಗದ ಕಾಲಂ ಪಠ್ಯ ರೂಪದಲ್ಲಿರಬೇಕು. ಪೂರ್ಣಾಂಕವಾಗಿಸಿದರೆ 070 ಎಂಬುದು 70 ಆಗುತ್ತದೆ. ಆಗ ಮೈಎಸ್‌ಕ್ಯುಎಲ್‌ನಲ್ಲಿ ಕಲಾವಿಭಾಗಕ್ಕಾಗಿ '7%' ಎಂದು ಹುಡುಕಿದರೆ ಸಂಗೀತದ ಜೊತೆ ಪತ್ರಿಕೋದ್ಯಮವೂ ಬರುತ್ತದೆ. ಮೊದಲಿನದರಲ್ಲಿ ಬೇಕಾದದ್ದು ತಪ್ಪಿತು, ಇಲ್ಲಿ ಬೇಡದ್ದು ಸೇರಿತು; ಎರಡನ್ನೂ ವಿದ್ಯಾರ್ಥಿಗಳೇ ಕಂಡುಹಿಡಿಯಲಿ.

ಮೌಲ್ಯಮಾಪನ:
1. ಸಸ್ತನಿಗಳನ್ನು ಬಿಟ್ಟು ಉಳಿದ ಪ್ರಾಣಿ ಪುಸ್ತಕಗಳಿಗೆ ಷರತ್ತು ಬರೆಯಿರಿ.
2. ಜಾಲತಾಣವೊಂದರಲ್ಲಿ ಪ್ರತಿ ವರ್ಗದ ಸಾಲೂ ತನ್ನ ಮೇಲಿನ ವರ್ಗದ ಗುರುತುಸಂಖ್ಯೆಯನ್ನು ಮಾತ್ರ ಹೊಂದಿದ್ದರೆ ಲೈಕ್ ಏಕೆ ಸಾಲದು? ಮಟ್ಟದಿಂದ ಮಟ್ಟಕ್ಕೆ ಇಳಿಯುವ ಪುನರಾವರ್ತಿ ಶೋಧನೆಗೆ ಈ ಪ್ರಶ್ನೆಯೇ ಮುಂದಿನ ಪಾಠದ ಪೀಠಿಕೆ.